ಸಣ್ಣ ದ್ವೀಪದ ಕಾವಲಿಗೆ ಮೊದಲ ಖರ್ಚು ಯಾವುದು?

ಸುತ್ತ ನೀರು, ಒಳಗೆ ಬಡ ಖಜಾನೆ, ಆಚೆ ದಡದಲ್ಲಿ ತನಗಿಂತ ಎಷ್ಟೋ ಪಟ್ಟು ಬಲವುಳ್ಳ ನೆರೆಯವರು. ಇಂಥ ದ್ವೀಪವನ್ನು ಕಾಯುವ ಹೊಣೆ ಹೊತ್ತವರು ಮೊದಲು ಯಾವುದಕ್ಕೆ ಹಣ ಹಾಕಬೇಕು? ಕೋಟೆಗೋಡೆಗೋ, ಫಿರಂಗಿಗೋ, ಹಡಗಿಗೋ, ಪಹರೆಯವರ ಸಂಬಳಕ್ಕೋ? ಎಲ್ಲಕ್ಕೂ ಸಾಲುವಷ್ಟು ಹಣವಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಸಾಲದಿದ್ದಾಗ ಮಾತ್ರ ಸಾಮಾನ್ಯವಾಗಿ ಕತ್ತರಿ ಬೀಳುವುದು ಜನರ ಪಾಲಿಗೆ. ಗೋಡೆ ಕಣ್ಣಿಗೆ ಕಾಣುವ ಆಸ್ತಿ, ಸಂಬಳ ತಿಂಗಳು ತಿಂಗಳೂ ಕರಗುವ ಹಣ ಎಂಬ ಲೆಕ್ಕ ಕಚೇರಿಯಲ್ಲಿ ಕೂತವರಿಗೆ ಸಲೀಸಾಗಿ ಒಪ್ಪಿಗೆಯಾಗುತ್ತದೆ. ಈ ಲೆಕ್ಕ ತಪ್ಪು ಎಂಬುದು ನನ್ನ ವಾದ. ಜನರ ಮೇಲಿನ ಖರ್ಚನ್ನು ಉಳಿಸಿ ಕಟ್ಟಿದ ರಕ್ಷಣೆ ಕೊನೆಗೆ ಎಲ್ಲಕ್ಕಿಂತ ದುಬಾರಿಯಾಗುತ್ತದೆ. ಹದಿನೇಳನೆಯ ಶತಮಾನದ ಮುಂಬಯಿಯಲ್ಲಿ ಇದಕ್ಕೆ ಬೇಕಾದಷ್ಟು ಪುರಾವೆಯಿದೆ.

ಪೋರ್ಚುಗೀಸ್ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಸಿಕ್ಕಿದ್ದ ಮುಂಬಯಿಯನ್ನು 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿ ವರ್ಷಕ್ಕೆ 10 ಪೌಂಡ್ ಗೇಣಿಗೆ ಪಡೆಯಿತು. ಅಷ್ಟು ಅಗ್ಗಕ್ಕೆ ಸಿಕ್ಕ ದ್ವೀಪ ಅಷ್ಟೇ ಅಗ್ಗಕ್ಕೆ ಉಳಿಯಲಿ ಎಂಬುದು ಲಂಡನ್ನಿನ ನಿರ್ದೇಶಕರ ಆಸೆ. ಆ ಹೊತ್ತಿಗಾಗಲೇ ಒಂದು ಕಹಿ ಪಾಠ ಅವರ ಮುಂದಿತ್ತು. ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ದೊರೆಯ ಸೈನಿಕರಿಗೆ ಪೋರ್ಚುಗೀಸರು ದ್ವೀಪ ಬಿಟ್ಟುಕೊಡದೆ ಸತಾಯಿಸಿದಾಗ, ಅವರು ನಮ್ಮ ಕಾರವಾರದ ಕಡಲಿನ ಅಂಜುದೀವದಲ್ಲಿ ಇಳಿದು ಕಾಯಬೇಕಾಯಿತು. 1662ರಲ್ಲಿ ಬಂದ ಸುಮಾರು ನಾನೂರು ಮಂದಿಯಲ್ಲಿ 1665ರಲ್ಲಿ ಮುಂಬಯಿ ಮುಟ್ಟಿದವರು ನೂರರ ಆಸುಪಾಸು. ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ ಅಲ್ಲೇ ಸತ್ತ. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಮಳೆಗಾಲ, ಕಾಯಿಲೆ, ಕೊರತೆ.

1669ರಲ್ಲಿ ಆಡಳಿತ ವಹಿಸಿಕೊಂಡ ಜೆರಾಲ್ಡ್ ಆಂಜಿಯರ್ ಗೋಡೆಯನ್ನು ಅಲಕ್ಷಿಸಿದವನಲ್ಲ. ಆದರೆ ಅವನು ಮೊದಲು ಬಗೆಹರಿಸಿದ್ದು ಜಮೀನಿನ ಜಗಳವನ್ನು. ದ್ವೀಪದ ಹಿಡುವಳಿದಾರರ ಹಕ್ಕುಗಳೆಲ್ಲ ಕೈಬದಲಾವಣೆಯ ಗೊಂದಲದಲ್ಲಿ ತೂಗಾಡುತ್ತಿದ್ದವು. 1672ರ ಒಪ್ಪಂದದಂತೆ ಅವರು ವರ್ಷಕ್ಕೆ 20,000 ಷೆರಫಿನ್ ನಾಣ್ಯ ಕೊಡುವುದು, ಕಂಪನಿ ಅವರ ಜಮೀನನ್ನು ಅವರಿಗೇ ಬಿಡುವುದು ಎಂದಾಯಿತು. ಊರಪಡೆಯ ಹೊಣೆಯೂ ಜಮೀನುದಾರರ ಮೇಲೇ ಬಿತ್ತು. ಉಳಿಸಿಕೊಳ್ಳಲು ತನ್ನದೆಂಬುದು ಏನಾದರೂ ಇದ್ದವನೇ ಪಹರೆಗೆ ನಿಲ್ಲುತ್ತಾನೆ ಎಂಬ ತಿಳಿವಳಿಕೆ ಇದರ ಹಿಂದಿದೆ. 1673ರ ಆರಂಭದಲ್ಲಿ ರೈಕ್ಲೋಫ್ ಫಾನ್ ಗೂನ್ಸನ ಡಚ್ ಹಡಗುಪಡೆ ಮುಂಬಯಿಯ ಮುಂದೆ ಬಂದು ನಿಂತಿತು. ಆ ವರ್ಷದ ಕೊನೆಗೆ ಬಂದ ವೈದ್ಯ ಜಾನ್ ಫ್ರೈಯರ್ ಕೊಡುವ ಕಾವಲಿನವರ ಲೆಕ್ಕದಲ್ಲಿ ಇಂಗ್ಲಿಷ್ ಸೈನಿಕರಷ್ಟೇ ಇಲ್ಲ; ಊರಪಡೆಯವರಿದ್ದಾರೆ, ಪೋರ್ಚುಗೀಸ್-ಭಾರತೀಯ ಮೂಲದ ಟೋಪಾಸರಿದ್ದಾರೆ, ತೆಂಗಿನ ತೋಪು ನೋಡಿಕೊಳ್ಳುವ ಭಂಡಾರಿಗಳು ದೊಣ್ಣೆ ಹಿಡಿದು ನಿಂತಿದ್ದಾರೆ. ಡಚ್ಚರು ಹೊಡೆಯದೆ ಹಿಂದಿರುಗಿದರು.

ಅವರನ್ನು ಹಿಂದಿರುಗಿಸಿದ್ದು ದೊಣ್ಣೆಯಲ್ಲ, ಬುರುಜಿನ ಮೇಲಿನ ಫಿರಂಗಿ ಎಂದು ಯಾರಾದರೂ ಹೇಳಬಹುದು. ಫಿರಂಗಿಯ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಫಿರಂಗಿಯ ಹಿಂದೆ ನಿಲ್ಲುವವನ ಮನಸ್ಸು ಕೆಟ್ಟರೆ ಏನಾಗುತ್ತದೆ ಎಂಬುದು ಹತ್ತೇ ವರ್ಷಗಳಲ್ಲಿ ಗೊತ್ತಾಯಿತು. ಆಂಜಿಯರ್ 1677ರಲ್ಲಿ ತೀರಿಕೊಂಡ. ಆಮೇಲೆ ಲಂಡನ್ ಖರ್ಚು ಇಳಿಸುವ ಹಟಕ್ಕೆ ಬಿದ್ದು ಪಡೆಯವರ ಸಂಬಳಕ್ಕೇ ಕೈಹಾಕಿತು. 1683ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ರಿಚರ್ಡ್ ಕೀಗ್ವಿನ್ ದಂಗೆಯೆದ್ದು, ಕಂಪನಿಯ ಅಧಿಕಾರಿಗಳನ್ನು ಬಂಧಿಸಿ, ದೊರೆಯ ಹೆಸರಿನಲ್ಲಿ ದ್ವೀಪವನ್ನು ಹಿಡಿದ. ಸುಮಾರು ಒಂದು ವರ್ಷ ಮುಂಬಯಿ ಕಂಪನಿಯ ಕೈತಪ್ಪಿತ್ತು. ಯಾವ ಶತ್ರುವಿಗೂ ಆಗದಿದ್ದ ಕೆಲಸವನ್ನು ಸಂಬಳದ ಕಡಿತ ಮಾಡಿ ಮುಗಿಸಿತು; ಗೋಡೆಯ ಒಂದು ಕಲ್ಲೂ ಅಲುಗಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ 1689ರದು. ಕಂಪನಿ ಔರಂಗಜೇಬನೊಡನೆ ಬುದ್ಧಿಗೇಡಿ ಯುದ್ಧಕ್ಕಿಳಿದು, ಅದರ ಗವರ್ನರ್ ಜಾನ್ ಚೈಲ್ಡ್ ಮೊಗಲರ ಹಡಗುಗಳನ್ನು ಹಿಡಿಸತೊಡಗಿದ ಮೇಲೆ, ಜಂಜೀರಾದ ಸಿದ್ದಿ ಯಾಕೂತ್ ಖಾನ್ ಮೊಗಲರ ಪರವಾಗಿ ಮುಂಬಯಿಯ ಶಿವಡಿಯಲ್ಲಿ ಪಡೆ ಇಳಿಸಿದ. ಮಝಗಾಂವ್ ಕೋಟೆಯ ಪಹರೆಯವರು ಫಿರಂಗಿ, ಮದ್ದುಗುಂಡುಗಳನ್ನು ಅಲ್ಲೇ ಬಿಟ್ಟು ಓಡಿದರೆಂದು ಆಗ ಮುಂಬಯಿಯಲ್ಲಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದಿದ್ದಾನೆ. ಮಾಹಿಮೂ ಹೋಯಿತು. ಉಳಿದದ್ದು ದಕ್ಷಿಣದ ಮುಖ್ಯ ಕೋಟೆ ಮಾತ್ರ. ಹಾಗಾದರೆ ಕಾಪಾಡಿದ್ದು ಕಲ್ಲೇ ಅಲ್ಲವೇ? ಕೋಟೆಯನ್ನು ಕಾಪಾಡಿತು, ನಿಜ; ದ್ವೀಪವನ್ನು ಕಾಪಾಡಲಿಲ್ಲ. ಗೋಡೆಯ ಹೊರಗಿದ್ದ ಕೋಲಿ ಮೀನುಗಾರರ ಕೇರಿಗಳು, ಭತ್ತದ ಗದ್ದೆಗಳು, ತೆಂಗಿನ ತೋಪುಗಳು 1690ರ ಜೂನ್‌ವರೆಗೂ ದಾಳಿಕಾರರ ಕೈಯಲ್ಲಿದ್ದವು. ಅಗ್ಗದ ಯೋಜನೆಯ ಬೆಲೆ ತೆತ್ತವರು ಆ ಯೋಜನೆಯಲ್ಲಿ ಎಲ್ಲೂ ಲೆಕ್ಕಕ್ಕೇ ಬಾರದಿದ್ದ ಈ ಜನ. ಇದನ್ನು ಬರೀ ಯುದ್ಧದ ದುರದೃಷ್ಟ ಎಂದು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ. ಕೊನೆಗೆ ಸಿದ್ದಿ ಹೊರಟದ್ದು ಕಂಪನಿ ಔರಂಗಜೇಬನ ಮುಂದೆ ಕೈಮುಗಿದು ಒಂದೂವರೆ ಲಕ್ಷ ರೂಪಾಯಿ ದಂಡ ಕಟ್ಟಲು ಒಪ್ಪಿದ ಮೇಲೆ. ಬಡ ದ್ವೀಪಕ್ಕೆ ನೆರೆಯವರನ್ನು ಕೆಣಕದಿರುವುದೂ ರಕ್ಷಣೆಯ ಭಾಗವೇ, ಅದಕ್ಕೆ ಕಾಸೂ ಖರ್ಚಿಲ್ಲ.

ಪರರಾಜ್ಯದ ಕಂಪನಿಗೆ ಸ್ಥಳೀಯರನ್ನು ನೆಚ್ಚುವುದು ಸಾಧ್ಯವಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಪೂರ್ತಿಯಾಗಿ ಸಾಧ್ಯವಿರಲಿಲ್ಲ. ಆಳುವವನಿಗೂ ಆಳಿಸಿಕೊಳ್ಳುವವನಿಗೂ ನಡುವೆ ಅಪನಂಬಿಕೆ ಇದ್ದೇ ಇರುತ್ತದೆ, ವಸಾಹತಿನ ರಕ್ಷಣೆಯ ಮೂಲ ದೌರ್ಬಲ್ಯ ಅದು. ಆದರೂ ಕಂಪನಿ ಜನರಿಗೆ ಕೊಟ್ಟ ಅಷ್ಟಿಷ್ಟು ಭದ್ರತೆಯೂ ವ್ಯರ್ಥವಾಗಲಿಲ್ಲ. ಧರ್ಮಾಚರಣೆಗೆ, ವ್ಯಾಪಾರಕ್ಕೆ ಅಡ್ಡಿಯಿಲ್ಲವೆಂಬ ಭರವಸೆ ನಂಬಿ ಗುಜರಾತಿನ ಬನಿಯಾಗಳೂ ಪಾರ್ಸಿಗಳೂ ಬಂದು ನೆಲೆಸಿದ್ದರು. 1739ರಲ್ಲಿ ಮರಾಠರು ವಸಯಿಯನ್ನು ಗೆದ್ದು ಮುಂಬಯಿಯ ಬಾಗಿಲಿಗೆ ಬಂದಾಗ ಊರ ಸುತ್ತ ಕಂದಕ ತೋಡುವ ಮಾತು ಬಂತು. ಖಜಾನೆ ಆಗಲೂ ಬಡವೇ. ಕಂದಕದ ಖರ್ಚಿಗೆಂದು ಊರಿನ ವರ್ತಕರು ತಮ್ಮ ಕೈಯಿಂದ 30,000 ರೂಪಾಯಿ ಎತ್ತಿ ಕೊಟ್ಟರು.