‘ನೋಡ್ಕೊಂಡು ತಗೋಬೇಕಿತ್ತು’ ಅನ್ನೋ ಮಹಾನುಭಾವರಿಗೆ

ಹಳೇ ಕಾರು ತಗೊಂಡು ಕೈ ಸುಟ್ಟುಕೊಂಡವರಿಗೆ ನಮ್ಮ ಜನ ಹೇಳೋ ಮಾತು ಒಂದೇ: ‘ನೋಡ್ಕೊಂಡು ತಗೋಬೇಕಿತ್ತು ಕಣ್ರೀ’. ನಾನಿರೋ ಪಾಂಡೇಸರಾದಲ್ಲಿ ಇದನ್ನ ಹಿಂದಿ, ಗುಜರಾತಿ, ಮರಾಠಿ, ಒಡಿಯಾ ಎಲ್ಲದರಲ್ಲೂ ಕೇಳಿದ್ದೀನಿ. ಭಾಷೆ ಬೇರೆ, ಬುದ್ಧಿವಾದ ಅದೇ. ಮಾರಿದವನ ಬಗ್ಗೆ ಮಾತ್ರ ಯಾರೂ ಚಕಾರ ಎತ್ತಲ್ಲ. ಅವನು ವ್ಯಾಪಾರಸ್ಥ, ವ್ಯಾಪಾರ ಮಾಡಿದ, ಅಷ್ಟೇ! ಈ ನ್ಯಾಯ ಕೇಳಿ ಕೇಳಿ ನನಗೆ ಮೈ ಉರಿದುಹೋಗಿದೆ. ಯಾಕೆ ಅಂತ ಬರೀತೀನಿ, ಸ್ವಲ್ಪ ಉದ್ದ ಆಗತ್ತೆ, ಸಹಿಸಿಕೊಳ್ಳಿ.

ಮೊದಲು ನಮ್ಮೂರಿನ (ಸೂರತ್ತು ಈಗ ನನಗೆ ‘ನಮ್ಮೂರೇ’, ಬಂದು ಇಪ್ಪತ್ತೆಂಟು ವರ್ಷ ಆಯ್ತು) ಬಟ್ಟೆ ವ್ಯಾಪಾರ ಹೇಗೆ ನಡೆಯತ್ತೆ ಅಂತ ಕೇಳಿ. ರಿಂಗ್ ರೋಡಿನ ಮಾರ್ಕೆಟ್ಟಿಂದ ಸೀರೆ ಹೊರ ರಾಜ್ಯಕ್ಕೆ ಹೋಗತ್ತೆ. ಅಲ್ಲಿನ ವ್ಯಾಪಾರಿಗೆ ಬಣ್ಣ ಹಿಡಿಸಲಿಲ್ಲ, ಒಂದು ಕಡೆ ಪಟ್ಟೆ ಬಂದಿದೆ, ಪ್ರಿಂಟ್ ಜರುಗಿದೆ ಅಂದ್ರೆ ಮಾಲು ವಾಪಸ್. ಇದಕ್ಕೆ ಇಲ್ಲಿ ‘ಜಿಆರ್’ ಅಂತಾರೆ, ಗೂಡ್ಸ್ ರಿಟರ್ನ್. ತಿಂಗಳುಗಟ್ಟಲೆ ಬಿಟ್ಟು ಕಳಿಸ್ತಾರೆ ಅಂತ ಮಾರ್ಕೆಟ್ಟಿನವರ ಗೋಳು ಇದ್ದೇ ಇದೆ. ಅಲ್ಲಿಂದ ಆ ಹೊರೆ ನಮ್ಮ ಜಿಐಡಿಸಿ ಪ್ರೊಸೆಸ್ ಹೌಸಿಗೆ ಬರತ್ತೆ. ಒಂದು ತಾಕಾದಲ್ಲಿ ಕಲೆ ಬಿದ್ದರೆ ಬಣ್ಣ ಹಾಕಿದ ಮಿಲ್ಲಿನ ಬಿಲ್ಲಲ್ಲಿ ದುಡ್ಡು ಕತ್ತರಿಸ್ತಾರೆ. ಆವಾಗ ಯಾರಾದ್ರೂ ‘ವ್ಯಾಪಾರಿ ನೋಡ್ಕೊಂಡು ತಗೋಬೇಕಿತ್ತು’ ಅಂತಾರಾ? ಊಹುಂ. ಐನೂರು ರೂಪಾಯಿ ಸೀರೆಗೆ ವಾಪಸಾತಿ ಇರೋ ಊರಲ್ಲಿ ಮೂರು ಲಕ್ಷದ ಕಾರಿಗೆ ಯಾಕಿಲ್ಲ? ಬಟ್ಟೆ ವಾಪಸ್ ಕಳಿಸೋನು ವ್ಯಾಪಾರಿ, ನಾಳೆ ಮತ್ತೆ ಬೇಕು. ಕಾರು ತಗೊಳ್ಳೋನು ಸಂಬಳಗಾರ, ಜೀವಮಾನದಲ್ಲಿ ಒಂದೋ ಎರಡೋ ಸಲ ಬರ್ತಾನೆ. ಅವನು ಮತ್ತೆ ಬರದಿದ್ದರೆ ಯಾರಿಗೆ ನಷ್ಟ?

ಈ ಲೆಕ್ಕ ಹೇಗೆ ಕೆಲಸ ಮಾಡತ್ತೆ ಅನ್ನೋದಕ್ಕೆ ನಮ್ಮ ಮಿಲ್ಲಿನ ಕಲರ್ ಮಾಸ್ಟರ್ ಕತೆ ಸಾಕು. ಇಳಕಲ್ ಕಡೆಯವರು, ನನಗಿಂತ ಹಿರಿಯರು. ನಿವೃತ್ತಿ ಹತ್ತಿರ ಬಂತು, ಊರಿಗೆ ಹೋಗೋವಾಗ ಕಾರಲ್ಲೇ ಹೋಗೋಣ ಅಂತ ಪಿಎಫ್ ದುಡ್ಡಿಂದ 2025ರ ಮಾರ್ಚಲ್ಲಿ ಒಂದು ಹಳೇ ಕಾರು ತಗೊಂಡರು. 3 ಲಕ್ಷ 10 ಸಾವಿರ. ಜಿಜೆ 06 ನಂಬರು, ಅಂದ್ರೆ ವಡೋದರಾ ಗಾಡಿ. ಕೊಂಡಿದ್ದು ಇಲ್ಲಿನ ಒಬ್ಬ ‘ಆಟೋ ಕನ್ಸಲ್ಟೆಂಟ್’ ಹತ್ರ. ವಾಟ್ಸಾಪಲ್ಲಿ ಅವನೇ ಬರೆದು ಕಳಿಸಿದ್ದ: ನೋ ಆಕ್ಸಿಡೆಂಟ್, ನೋ ಫ್ಲಡ್. ಗುರುತಿನ ಮೆಕ್ಯಾನಿಕ್ಕನ್ನೂ ಕರಕೊಂಡು ಹೋಗಿದ್ದರು. ಇಂಜಿನ್ ಚಾಲೂ ಮಾಡಿದ, ಓಡಿಸಿದ, ಬಾನೆಟ್ ಎತ್ತಿ ನೋಡಿದ, ಓಕೆ ಅಂದ.

ಎರಡನೇ ವಾರಕ್ಕೆ ಏರ್‌ಬ್ಯಾಗ್ ದೀಪ ಹತ್ತಿಕೊಂಡಿತು, ಆರಲೇ ಇಲ್ಲ. ಆಮೇಲೆ ಪವರ್ ವಿಂಡೋ. ಒಂದು ಸಂಜೆ ಬಮ್ರೋಲಿ ರಸ್ತೇಲಿ ಸ್ಟೇರಿಂಗ್ ಬಿಗಿಯಾಗಿ, ಎದುರಿಂದ ಬಂದ ಟೆಂಪೋ ಸ್ವಲ್ಪದರಲ್ಲಿ ತಪ್ಪಿತು. ಕಂಪನಿ ವರ್ಕ್‌ಶಾಪಲ್ಲಿ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದರೆ ಕೆಳಗೆ ಒಣಗಿದ ಕೆಸರು, ವೈರಿಂಗ್ ಕನೆಕ್ಟರಲ್ಲೆಲ್ಲ ಹಸಿರು ಕಿಲುಬು. ಸೀಟ್ ಬೆಲ್ಟನ್ನ ಕೊನೇತನಕ ಎಳೆದರೆ ಅಲ್ಲೂ ಮಣ್ಣಿನ ಗೆರೆ. ಮಾರಿದವನನ್ನ ಕೇಳಿದರೆ ‘ಭಾಯ್, ಸೆಕೆಂಡ್ ಹ್ಯಾಂಡ್ ಮಾ ಗ್ಯಾರಂಟಿ ನಾ ಹೋಯ್’ ಅಂದ. ಮಾಸ್ಟರು ನನ್ನ ಹತ್ರ ಬಂದು ‘ಏನ್ ಮಾಡೂದ್ರಿ, ನಮ್ಮ ಹಣೇಬರಹ’ ಅಂದರು. ನೋಡಿ, ಮೋಸ ಮಾಡಿದ್ದು ಅವನು, ಹಣೆಬರಹ ಇವರದ್ದು!

ಇಂಥ ಗಾಡಿಗಳು ಎಲ್ಲಿಂದ ಬರ್ತವೆ? ಗುಜರಾತಿನವರಿಗೆ ಹೇಳಿಕೊಡಬೇಕಿಲ್ಲ. 2006ರ ಆಗಸ್ಟಲ್ಲಿ ಉಕಾಯಿ ಅಣೆಕಟ್ಟಿಂದ ನೀರು ಬಿಟ್ಟಾಗ ತಾಪಿ ಸೂರತ್ತಿನೊಳಗೇ ಬಂದಿದ್ದಳು. ಅಡಾಜಣ, ರಾಂದೇರ್ ಕಡೆ ನಿಂತ ಕಾರುಗಳ ಮೇಲೆ ನೀರು. 2024ರ ಆಗಸ್ಟ್ ಕೊನೆಗೆ ವಡೋದರಾದಲ್ಲಿ ವಿಶ್ವಾಮಿತ್ರಿ ಉಕ್ಕಿದಳು (ಮೊಸಳೆಗಳು ಬೀದಿಗೆ ಬಂದ ಚಿತ್ರ ನೋಡಿರ್ತೀರಿ), ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿ ಕೂತವು. 2015ರಲ್ಲಿ ಚೆನ್ನೈ, 2022ರಲ್ಲಿ ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆ. ರಿಪೇರಿ ಖರ್ಚು ಕಾರಿನ ವಿಮಾ ಮೌಲ್ಯದ 75% ದಾಟಿದರೆ ವಿಮೆಯವರು ಅದನ್ನ ‘ಟೋಟಲ್ ಲಾಸ್’ ಅಂತ ಲೆಕ್ಕ ಹಿಡಿದು ಮಾಲೀಕನಿಗೆ ದುಡ್ಡು ಕೊಡ್ತಾರೆ. ಗಾಡಿ ಹರಾಜಿಗೆ ಹೋಗತ್ತೆ, ಎಷ್ಟೋ ಸಲ ಆರ್‌ಸಿ ಸಮೇತ. ಹರಾಜಲ್ಲಿ ಹಿಡಿದವನು ತೊಳೆದು, ಒಣಗಿಸಿ, ಸೀಟ್ ಕವರ್ ಹೊಸದು ಹಾಕಿ, ಸುಗಂಧದ ಡಬ್ಬಿ ಇಟ್ಟು, ನೀರು ಬಂದ ಊರು ಬಿಟ್ಟು ಬೇರೆ ಊರಲ್ಲಿ ಮಾರ್ತಾನೆ.

ಈಗ ಹೇಳಿ, ಏನನ್ನ ‘ನೋಡ್ಕೊಂಡು’ ತಗೋಬೇಕಿತ್ತು? ಎಂಪರಿವಾಹನದಲ್ಲಿ ನಂಬರ್ ಹಾಕಿದರೆ ವಿಮೆ ಎಲ್ಲಿವರೆಗೆ, ಫಿಟ್‌ನೆಸ್ ಎಲ್ಲಿವರೆಗೆ ಎಲ್ಲ ಬರತ್ತೆ. ಈ ಕಾರು ಕತ್ತಿನ ತನಕ ನೀರಲ್ಲಿತ್ತು ಅನ್ನೋದು ಬರಲ್ಲ. ವಿಮಾ ಕಂಪನಿಗೆ ಗೊತ್ತು, ಸರ್ವೇಯರಿಗೆ ಗೊತ್ತು, ಹರಾಜು ಹಿಡಿದವನಿಗೆ ಗೊತ್ತು. ಗೊತ್ತಿಲ್ಲದವನು ದುಡ್ಡು ಕೊಡೋನು ಒಬ್ಬನೇ, ಬೈಸಿಕೊಳ್ಳೋನೂ ಅವನೇ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ನೆರೆಗೆ ಸಿಕ್ಕು ನಷ್ಟವಾದ ಗಾಡಿಯ ದಾಖಲೆ ಮೇಲೇ ಗುರುತು ಬೀಳತ್ತೆ. ಬ್ರಿಟನ್ನಲ್ಲಿ 2015ರ ಕಾಯಿದೆ ಪ್ರಕಾರ ಡೀಲರ್ ಹತ್ರ ಕೊಂಡ ಹಳೇ ಕಾರಿನಲ್ಲಿ ದೋಷ ಕಂಡರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ಅಲ್ಲಿ ಮೋಸ ಇಲ್ಲ ಅಂತಲ್ಲ, ಕೇಳೋಕೆ ಜಾಗ ಇದೆ.

ನಮ್ಮಲ್ಲೂ ಕಾನೂನು ಇಲ್ಲ ಅಂದ್ಕೋಬೇಡಿ! ನನಗೆ ಸಿಟ್ಟು ಬರೋದೇ ಇಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸೆಕ್ಷನ್ 2(47) ಓದಿ. ಬಿಲ್ ಕೊಡದೇ ಇರೋದು ಅನುಚಿತ ವ್ಯಾಪಾರ. ದೋಷವಿರೋ ಮಾಲನ್ನ ವಾಪಸ್ ತಗೊಂಡು ದುಡ್ಡು ಹಿಂದಿರುಗಿಸಲ್ಲ ಅನ್ನೋದೂ ಅನುಚಿತ ವ್ಯಾಪಾರ. ಬಿಲ್ಲಲ್ಲಿ ಅವಧಿ ಬರೆದಿಲ್ಲ ಅಂದ್ರೆ 30 ದಿನ ಅಂತ ಅಲ್ಲೇ ಇದೆ. ‘ಹಳೇ ಮಾಲಿಗೆ ದೋಷ ಇದ್ದೇ ಇರತ್ತೆ’ ಅಂತ ವಾದ ಮಾಡ್ತಾರೆ. ಸರಿ, ಟೈರ್ ಸವೆದಿದೆ, ಕ್ಲಚ್ ಹೋಯ್ತು ಅಂದ್ರೆ ಸುಮ್ಮನಿರೋಣ. ಆದರೆ ವ್ಯಾಪಾರಿ ಬಾಯಲ್ಲೋ ಬರಹದಲ್ಲೋ ಹೇಳಿದ ಗುಣಮಟ್ಟ ಇಲ್ಲದಿದ್ದರೂ ಅದು ದೋಷವೇ ಅಂತ ಕಾಯಿದೆ ಹೇಳತ್ತೆ. ‘ನೋ ಫ್ಲಡ್’ ಅಂತ ಬರೆದ ಆ ಎರಡು ಪದ ಅವನ ಕೊರಳಿಗೆ ಉರುಳು. ‘ಇದ್ದದ್ದು ಇದ್ದ ಹಾಗೆ’ ಅಂತ ಚೀಟಿಗೆ ಸಹಿ ಹಾಕಿಸಿಕೊಂಡರೂ ಗೊತ್ತಿದ್ದು ಹೇಳಿದ ಸುಳ್ಳು ಅದರಿಂದ ತೊಳೆದು ಹೋಗಲ್ಲ.

‘ನಾನು ಡೀಲರ್ ಅಲ್ಲ, ಬರೀ ಕನ್ಸಲ್ಟೆಂಟ್’ ಅನ್ನೋದು ಇನ್ನೊಂದು ಆಟ. ಆರ್‌ಸಿ ಹಳೇ ಮಾಲೀಕನಿಂದ ನೇರ ನಿಮ್ಮ ಹೆಸರಿಗೆ, ನಡುವೆ ಇವನ ಹೆಸರೇ ಇಲ್ಲ. ಈ ತೂತು ಮುಚ್ಚೋಕೆ ಅಂತಲೇ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಹಳೇ ಗಾಡಿ ಕೊಂಡು ಮಾರೋ ಡೀಲರ್ ಆರ್‌ಟಿಓ ಹತ್ರ ಅಧಿಕೃತ ಪ್ರಮಾಣಪತ್ರ ಪಡೀಬೇಕು, ಗಾಡಿ ಅವನ ಕೈಗೆ ಬಂದಾಗ ಅದು ದಾಖಲಾಗಬೇಕು, ಮಾರೋ ತನಕ ಮಾಲೀಕ ಅವನೇ ಅಂತ ಲೆಕ್ಕ. ಅಂಗಡಿಗೆ ಹೋದ ಕೂಡಲೇ ಆ ಪ್ರಮಾಣಪತ್ರ ಕೇಳಿ, ಮುಖ ನೋಡಿ ಮಜಾ ಇರತ್ತೆ. ದುಡ್ಡನ್ನ ನಗದಾಗಿ ಕೊಡಬೇಡಿ, ಅಂಗಡಿ ಖಾತೆಗೇ ಹಾಕಿ.

ಮಾಸ್ಟರಿಗೆ ನಾವು ಹೇಳಿದ್ದು ಇಷ್ಟು. ಗಾಡೀನ ಬೀದಿ ಗ್ಯಾರೇಜಲ್ಲಿ ರಿಪೇರಿ ಮಾಡಿಸೋಕೆ ಹೋಗಬೇಡಿ, ಸಾಕ್ಷಿ ಹಾಳಾಗತ್ತೆ. ಕಂಪನಿ ವರ್ಕ್‌ಶಾಪಿಂದ ಜಾಬ್ ಕಾರ್ಡ್, ಫೋಟೋ, ಲಿಖಿತ ವರದಿ ತಗೊಳ್ಳಿ. ಅಲ್ಲೇ ಹಳೇ ಸರ್ವಿಸ್ ದಾಖಲೆ ಕೇಳಿ. ವಾಟ್ಸಾಪ್ ಅಳಿಸಬೇಡಿ, ಫೋನೂ ಬದಲಾಯಿಸಬೇಡಿ. ಮಾರಿದವನಿಗೆ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ, ‘ಗಾಡಿ ತಗೊಂಡು ದುಡ್ಡು ಕೊಡು’ ಅಂತ. ಬಗ್ಗದಿದ್ದರೆ 1915ಕ್ಕೆ ಫೋನ್, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಊರ ಕಡೆಯವರು ಇದನ್ನ ಗಮನಿಸಿ: ಈಗ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೂರತ್ತಲ್ಲಿ ಕಾರು ಕೊಂಡು ಊರು ಸೇರಿದವನು ಬಾಗಲಕೋಟೆಯಲ್ಲೇ ಕೇಸು ಹಾಕಿದರೆ, ರೈಲು ಹತ್ತಬೇಕಾದವನು ಮಾರಿದವನು!

ಪಕ್ಕದ ಮನೆಯವರೋ ಸಹೋದ್ಯೋಗಿಯೋ ತಮ್ಮ ಸ್ವಂತ ಕಾರು ಮಾರಿದ್ದರೆ ಮಾತ್ರ ಇದು ನಡೆಯಲ್ಲ, ಅವರು ವ್ಯಾಪಾರಿ ಅಲ್ಲವಲ್ಲ. ಆಗ ಸಿವಿಲ್ ಕೋರ್ಟೇ ಗತಿ. ಗೊತ್ತಿದ್ದೂ ಸುಳ್ಳು ಹೇಳಿ ಮಾರಿದ್ದರೆ ವಂಚನೆ ಅಂತ ಪೊಲೀಸ್ ದೂರು ಕೊಡಬಹುದು. ಅಲ್ಲಿ ನಿಮಗೆ ತಾಳ್ಮೆ ಬೇಕು, ಬಹಳ ಬೇಕು.

‘ಕೋರ್ಟು ಕಚೇರಿ ಅಲೆಯೋ ಬದಲು ನಾವೂ ಇನ್ನೊಬ್ಬರಿಗೆ ದಾಟಿಸಿಬಿಡೋಣ’ ಅಂತ ಮಾಸ್ಟರಿಗೆ ಸಲಹೆ ಕೊಟ್ಟವರು ಕಡಿಮೆ ಏನಿಲ್ಲ. ಇವರೇ ‘ನೋಡ್ಕೊಂಡು ತಗೋಬೇಕಿತ್ತು’ ಬಳಗದವರು. ಏರ್‌ಬ್ಯಾಗ್ ಕೆಲಸ ಮಾಡದ, ಸ್ಟೇರಿಂಗ್ ಯಾವಾಗ ಕೈಕೊಡತ್ತೋ ಗೊತ್ತಿಲ್ಲದ ಗಾಡೀನ ಹೆಂಡತಿ ಮಕ್ಕಳು ಇರೋ ಇನ್ನೊಬ್ಬನ ಕೈಗೆ ಕೊಡೋದು ಇವರ ಪ್ರಕಾರ ಜಾಣತನ. ಮಾಸ್ಟರು ಒಪ್ಪಲಿಲ್ಲ. ‘ಬ್ಯಾಡ್ರಿ, ಅವ ಮಾಡಿದ್ದ ನಾ ಮಾಡಿದ್ರ ನಾ ಅವನ್ನ ಏನಂತ ಕೇಳ್ಲಿ?’ ಅಂದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ವಿಮೆಯವರು ಯಾವ ಗಾಡಿಗೆ ಟೋಟಲ್ ಲಾಸ್ ಅಂತ ದುಡ್ಡು ಕೊಡ್ತಾರೋ ಆ ಗಾಡಿಯ ಆರ್‌ಸಿ ದಾಖಲೆಯಲ್ಲಿ ಅವತ್ತೇ ಒಂದು ಸಾಲು ಬೀಳಲಿ: ನೀರಿಂದ, ಇಂಥ ವರ್ಷ. ಅಷ್ಟು ಕಂಡ ಮೇಲೂ ಅಗ್ಗ ಅಂತ ತಗೊಂಡರೆ ಆವಾಗ ಬೇಕಾದ್ರೆ ನಮಗೆ ಬುದ್ಧಿ ಹೇಳಿ. ಸಾಲ ಇದೆ ಅಂತ ಬರೆಯೋಕೆ ಆರ್‌ಸಿಯಲ್ಲಿ ಜಾಗ ಇದೆ, ಯಾಕಂದ್ರೆ ಅದು ಬ್ಯಾಂಕಿನ ದುಡ್ಡು. ನಮ್ಮ ಜೀವದ ವಿಷಯಕ್ಕೆ ಜಾಗ ಇಲ್ವಾ?

ಮಾಸ್ಟರು ಇಲ್ಲೇ ಸೂರತ್ತಿನ ಆಯೋಗದಲ್ಲಿ ದೂರು ಹಾಕಿದ್ದಾರೆ. ಮೂರು ತಿಂಗಳು, ಪರೀಕ್ಷೆಗೆ ಕಳಿಸಬೇಕಾದ್ರೆ ಐದು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯಿದೆ. ಎದುರು ವಕೀಲರು ಆಗಲೇ ಎರಡು ಸಲ ವಾಯಿದೆ ತಗೊಂಡಿದ್ದಾರೆ. ಕಾರು ಸೊಸೈಟಿ ಮೂಲೇಲಿ ಕವರ್ ಹೊದ್ದು ನಿಂತಿದೆ. ಮುಂದಿನ ತಾರೀಕಿಗೆ ನಾನೂ ಅರ್ಧ ದಿನ ರಜೆ ಹಾಕಿ ಅವರ ಜೊತೆ ಹೋಗ್ತಿದ್ದೀನಿ. ಏನಾಯ್ತು ಅಂತ ಬರೀತೀನಿ.