ಬಂಡೆಮನೆಗಳಿಗೆ ವಾರಸುದಾರರಿದ್ದಾರೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೊಲರಾಡೊ ರಾಜ್ಯದ ಮೆಸಾ ವರ್ಡೆಗೆ ಹೋಗಿಬಂದು, ಬೆರಗಿನೊಡನೆ ಒಂದು ಆಕ್ಷೇಪವನ್ನೂ ತಿಳಿಸುತ್ತಾರೆ: "ಅಷ್ಟು ದೂರ ಹೋದರೂ ಎಲ್ಲವನ್ನೂ ಹತ್ತಿರದಿಂದ ನೋಡಲು ಬಿಡುವುದಿಲ್ಲ ಸಾರ್." ಮಗಳ ಮನೆಗೆ ಹೋಗಿದ್ದಾಗ ನಾನೂ ಆ ಸ್ಥಳವನ್ನು ಕಂಡಿದ್ದೇನೆ. ಈ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ.

ಸುಮಾರು ಏಳು ಸಾವಿರ ಅಡಿ ಎತ್ತರದ ಒಣ ಪ್ರಸ್ಥಭೂಮಿಯದು. ಪ್ಯೂಬ್ಲೊ ಜನರ ಪೂರ್ವಿಕರು ಮೇಲೆ ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆದು, ಕೆಳಗೆ ಮರಳುಗಲ್ಲಿನ ಕಡಿದಾದ ಬಂಡೆಗಳ ಪೊಟರೆಗಳಲ್ಲಿ ಮನೆ ಕಟ್ಟಿಕೊಂಡರು. ಅಂತಹ ಸುಮಾರು 600 ನೆಲೆಗಳು ಅಲ್ಲಿವೆ. 'ಕ್ಲಿಫ್ ಪ್ಯಾಲೆಸ್' ಒಂದರಲ್ಲಿಯೇ ಸುಮಾರು 150 ಕೋಣೆಗಳೂ 'ಕಿವಾ' ಎಂಬ 23 ದುಂಡನೆಯ ನೆಲಮನೆಗಳೂ ಇವೆ. ಕಲ್ಲುಗಳ ನಡುವೆ ಮೆತ್ತಿದ ಕೆಸರಿನಲ್ಲಿ ಕಟ್ಟಿದವರ ಬೆರಳಗುರುತುಗಳು ಇಂದಿಗೂ ಉಳಿದಿವೆ. ಯಾವ ಅರಮನೆಯ ಶಾಸನಕ್ಕಿಂತಲೂ ಈ ಗುರುತುಗಳೇ ನನಗೆ ದೊಡ್ಡವು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ದೀರ್ಘ ಬರಗಾಲ ಬಂದಿತು. ಆ ಹೊತ್ತಿಗೆ ಜನರು ದಕ್ಷಿಣಕ್ಕೆ ವಲಸೆ ಹೋದರು. ಅವರು 'ಕಣ್ಮರೆಯಾದರು' ಎಂದು ಬರೆಯುವುದು ಸುಲಭ, ಆದರೆ ಸುಳ್ಳು. ಹೋಪಿ, ಝೂನಿ ಮೊದಲಾದ ಪ್ಯೂಬ್ಲೊ ಜನರು ಅವರ ಸಂತತಿಯೇ. ಅವರ ಪಾಲಿಗೆ ಇದು ಹಾಳೂರಲ್ಲ, ಹಿರಿಯರ ಮನೆ.

ಆ ಮನೆಯನ್ನು ಹೊರಗಿನವರು ನಡೆಸಿಕೊಂಡ ಬಗೆಯನ್ನು ನೆನೆದರೆ ಇಂದಿನ ನಿರ್ಬಂಧಗಳ ಅರ್ಥ ತಿಳಿಯುತ್ತದೆ. 1891ರಲ್ಲಿ ಸ್ವೀಡನ್ನಿನ ಗುಸ್ತಾಫ್ ನೋರ್ಡೆನ್‌ಶೋಲ್ಡ್ ಎಂಬ ತರುಣ ಅಲ್ಲಿ ಅಗೆದು ಸಾಗಿಸಿದ ವಸ್ತುಗಳು ಕೊನೆಗೆ ಫಿನ್‌ಲೆಂಡಿನ ವಸ್ತುಸಂಗ್ರಹಾಲಯ ಸೇರಿದವು. ಅವುಗಳಲ್ಲಿ ಮನುಷ್ಯರ ಅಸ್ಥಿಗಳೂ ಇದ್ದವು! ಅವು ಹಿಂದಿರುಗಿ ಅದೇ ಮಣ್ಣಿಗೆ ಸೇರಲು 2020ರವರೆಗೆ ಕಾಯಬೇಕಾಯಿತು. ನಡುವೆ 1906ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು.

'ಸ್ಪ್ರೂಸ್ ಟ್ರೀ ಹೌಸ್' ಎಂಬ ನೆಲೆಗೆ ಸುಲಭವಾಗಿ ನಡೆದು ಹೋಗಬಹುದಾಗಿತ್ತು. ಮೇಲಿನ ಬಂಡೆ ಉದುರತೊಡಗಿದ್ದರಿಂದ 2015ರಲ್ಲಿ ಅದನ್ನು ಪ್ರವಾಸಿಗರಿಗೆ ಮುಚ್ಚಿದರು. ಏಣಿಯೇರಲಾಗದ ನನ್ನಂತಹ ಮುದುಕರಿಗೆ ಅದು ನಷ್ಟವೇ, ಅಲ್ಲವೆನ್ನಲಾರೆ. ಆದರೆ ವಾರಸುದಾರರಿರುವ ಮನೆಯಲ್ಲಿ ಅತಿಥಿಗೆ ಪಡಸಾಲೆಯವರೆಗೆ ಮಾತ್ರ ಪ್ರವೇಶವೆಂದರೆ ಅದರಲ್ಲಿ ಅವಮಾನವೇನಿದೆ? ಟಿಕೆಟ್ಟು ಕೊಂಡ ಮಾತ್ರಕ್ಕೆ ಗೋಡೆ ಮುಟ್ಟುವ ಹಕ್ಕು ಬರುವುದಿಲ್ಲ.

ಹೋಗುವವರು ಮಾರ್ಗದರ್ಶಕರೊಡನೆ ಹೋಗುವ ಟಿಕೆಟ್ಟನ್ನು ಮೊದಲೇ ಕಾದಿರಿಸಿಕೊಳ್ಳಿ. ಜೊತೆಗೆ ಒಂದು ದುರ್ಬೀನು ಒಯ್ಯಿರಿ. ಮೇಲಿನ ವೀಕ್ಷಣಾ ಸ್ಥಳದಿಂದಲೇ ಬಹಳಷ್ಟು ಕಾಣುತ್ತದೆ.