ತೇಪೆ ಅಂತ ನಕ್ಕವರು ನಾವೇ

ಡಿಸೆಂಬರ್ ಬಂತು. ಕ್ಲಾಸ್ ಗ್ರೂಪುಗಳಲ್ಲಿ ಮತ್ತೆ ಅದೇ ಚರ್ಚೆ: ಬ್ಯಾಚ್ ಹೂಡಿ ಯಾವ ಬಣ್ಣ, ಬೆನ್ನ ಮೇಲೆ ಏನು ಬರೆಸೋದು? ಬಟ್ಟೆ ಯಾವುದು ಅಂತ ಯಾರೂ ಕೇಳಲ್ಲ. ಹೋದ ವರ್ಷ ನಾವೂ ಕೇಳಿರಲಿಲ್ಲ. ಆಗ ಮಾಡಿಸಿದ ಹೂಡಿಗಳ ಮೇಲೆ ಒಂದೇ ಸೆಮಿಸ್ಟರಿಗೆ ಸಣ್ಣ ಸಣ್ಣ ಉಂಡೆ ಎದ್ದವು. ಈಗ ಹಾಸ್ಟೆಲ್ ಹಿಂದೆ ಬೈಕ್ ಒರೆಸೋಕೆ ಬಳಕೆಯಾಗ್ತಿವೆ.

ಆ ಸಲ ಹೂಡಿಗೆ ದುಡ್ಡು ಕೊಡದೇ ಉಳಿದವನು ನಮ್ಮಲ್ಲಿ ಒಬ್ಬನೇ. ಅವನು ಹಾಕ್ತಾ ಇದ್ದದ್ದು ಸೈನ್ಯದಲ್ಲಿದ್ದ ಅಪ್ಪನ ಹಳೇ ಉಣ್ಣೆ ಸ್ವೆಟರ್. ಭುಜಕ್ಕೂ ಮೊಣಕೈಗೂ ಬಟ್ಟೆಯ ತುಂಡು ಹೊಲಿದಿತ್ತು. 'ಏನ್ ಮಗಾ, ತೇಪೆ ಹಾಕ್ಕೊಂಡ್ ಬಂದಿದ್ದೀಯಾ' ಅಂತ ರೇಗಿಸಿದ್ವಿ. ಅವನು ನಕ್ಕು ಸುಮ್ಮನಾದ. ಆ ತೇಪೆ ಹರಿದ ಮೇಲೆ ಹಾಕಿದ್ದಲ್ಲ, ಮೊದಲಿಂದಲೇ ಇದ್ದದ್ದು ಅಂತ ನಮಗೆ ಆಮೇಲೆ ತಿಳೀತು. ಎಲ್ಲಿ ಉಜ್ಜುತ್ತೋ ಅಲ್ಲೇ ಮೊದಲು ಸವೆಯುತ್ತೆ ಅಂತ ಲೆಕ್ಕ ಹಾಕಿ ಮಾಡಿದ ಡಿಸೈನ್ ಅದು.

ಹಡಗಿನವರ ಸ್ವೆಟರಿನಲ್ಲಿ ಈ ಬುದ್ಧಿ ಇನ್ನೂ ಹಳೆಯದು. ಇಂಗ್ಲಿಷ್ ಕಾಲುವೆಯ ಗರ್ನ್ಸಿ ದ್ವೀಪದ ಹೆಸರನ್ನೇ ಹೊತ್ತ ಮೀನುಗಾರರ ಸ್ವೆಟರ್ ನೋಡಿ. ಗಾಳಿ ನುಗ್ಗದಷ್ಟು ಬಿಗಿ ಹೆಣಿಗೆ. ಹಿಂದೆ ಮುಂದೆ ಒಂದೇ ಥರ, ಅಂದ್ರೆ ತಿರುಗಿಸಿ ಹಾಕಿದ್ರೆ ಸವೆತ ಎರಡೂ ಕಡೆ ಹಂಚಿಹೋಗುತ್ತೆ. ಕೈ ಎತ್ತಿ ಹಗ್ಗ ಎಳೆಯೋಕೆ ಕಂಕುಳಲ್ಲಿ ಒಂದು ಹೆಚ್ಚುವರಿ ತುಂಡು. ತೋಳನ್ನು ಭುಜದಿಂದ ಕೆಳಕ್ಕೆ ಹೆಣೀತಾರೆ. ಯಾಕೆ? ಮಣಿಕಟ್ಟಿನ ಹತ್ತಿರ ಹರಿದರೆ ಅಷ್ಟನ್ನೇ ಬಿಚ್ಚಿ ಮತ್ತೆ ಹೆಣೆಯಬಹುದು. ರಿಪೇರಿಯನ್ನೂ ಡಿಸೈನಿನೊಳಗೇ ಸೇರಿಸಿದ್ದಾರೆ!

ಇನ್ನು ಮೆಟೀರಿಯಲ್. ಉಣ್ಣೆಯ ಎಳೆ ಸುರುಳಿ ಸುರುಳಿ. ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮ ಇನ್ಸುಲೇಶನ್. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಬಲ್ಲದು, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತೆ. ಪಾಲಿಯೆಸ್ಟರ್ 1%ನ್ನೂ ಹೀರಲ್ಲ. ಕಿಡಿ ಬಿದ್ದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತೆ, ಉಣ್ಣೆ ಸುಟ್ಟು ಕರಿಯಾಗುತ್ತೆ ಅಷ್ಟೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸಬ್‌ಮರೀನಿನವರು ಕತ್ತು ಮುಚ್ಚೋ ಬಿಳಿ ಉಣ್ಣೆ ಸ್ವೆಟರ್ ತೊಟ್ಟಿದ್ದು ಸುಮ್ಮನೆ ಅಲ್ಲ. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಇಳಿದವರಿಗೂ ಉಣ್ಣೆಯ ಈ ಗುಣ ಗೊತ್ತಿತ್ತು.

'ನಮ್ಮ ಚಳಿಗೆ ಸಬ್‌ಮರೀನ್ ಸ್ವೆಟರ್ ಬೇಕಾ?' ಅಂತೀರಿ. ನಿಜ, ಅಷ್ಟು ದಪ್ಪದ್ದು ಹಾಕಿದ್ರೆ ಹತ್ತು ಗಂಟೆಯ ಕ್ಲಾಸಲ್ಲೇ ಬೇಯ್ತೀವಿ. ಒಳ್ಳೇ ಉಣ್ಣೆಗೆ ರೇಟೂ ಜಾಸ್ತಿ. ತಣ್ಣೀರಲ್ಲಿ ಮೆಲ್ಲಗೆ ಒಗೀಬೇಕು, ಹುಳ ಹಿಡಿಯದ ಹಾಗೆ ಎತ್ತಿಡಬೇಕು. ಲೇತ್ ಹತ್ತಿರ ಅಂತೂ ಯಾವ ಸ್ವೆಟರೂ ಬೇಡ. ಎಲ್ಲರೂ ಗರ್ನ್ಸಿ ಕೊಳ್ಳಿ ಅಂತ ನಾವು ಹೇಳ್ತಾ ಇಲ್ಲ.

ನಾವು ಹೇಳೋದು ಇಷ್ಟೇ. ಈ ಸಲ ದುಡ್ಡು ಕೂಡಿಸೋ ಮುಂಚೆ ಮೂರು ಪ್ರಶ್ನೆ ಕೇಳೋಣ: ಲೇಬಲ್ ಮೇಲೆ ಏನು ಬರೆದಿದೆ? ಮೊದಲು ಎಲ್ಲಿ ಹರಿಯುತ್ತೆ? ಹರಿದರೆ ಹೊಲಿಯೋಕಾಗುತ್ತಾ? ಡಿಸೈನ್ ಕ್ಲಾಸಲ್ಲಿ ಬೇರಿಂಗ್ ಎಷ್ಟು ದಿನ ಬಾಳುತ್ತೆ ಅಂತ ಲೆಕ್ಕ ಹಾಕೋ ನಾವು, ಮೈಮೇಲಿನ ಬಟ್ಟೆಗೆ ಒಂದು ನಿಮಿಷ ಕೊಡಬಾರದಾ? ಮನೆಯ ಟ್ರಂಕಿನಲ್ಲಿ ಅಪ್ಪಂದೋ ಮಾವಂದೋ ಉಣ್ಣೆ ಸ್ವೆಟರ್ ಇದ್ದರೆ ಹೊಸದೇ ಬೇಕಾಗಿಲ್ಲ. ಹೂಡಿಗೆ ಸೇರದವನನ್ನು ಬ್ಯಾಚ್ ಫೋಟೋದಲ್ಲಿ ಮೂಲೆಗೆ ನಿಲ್ಲಿಸೋದೂ ಬೇಡ.

ಆ ಗೆಳೆಯ ಈ ವರ್ಷವೂ ಅದೇ ಸ್ವೆಟರಲ್ಲಿ ಬರ್ತಾನೆ. ನಮ್ಮ ಹೂಡಿ ಬೈಕ್ ಒರೆಸ್ತಿದೆ. ಸಾರಿ ಕಣೋ.